ದೀರ್ಘಾವಧಿ ನಿಗಾ ಅಂದರೇನು? ಯೊಸೆಮಿಟಿಯ ಕಪ್ಪೆ ಲೆಕ್ಕ

ಕಾಡು, ಪ್ರಾಣಿಗಳ ಸುದ್ದಿ ಓದುವವರಿಗೆ ‘ಲಾಂಗ್ ಟರ್ಮ್ ಮಾನಿಟರಿಂಗ್’ ಅನ್ನುವ ಮಾತು ಆಗಾಗ ಸಿಗುತ್ತದೆ. ಕನ್ನಡದಲ್ಲಿ ದೀರ್ಘಾವಧಿ ನಿಗಾ ಅನ್ನಬಹುದು. ಸುಮ್ನೆ ಹೋಗಿ ಕಪ್ಪೆ ಎಣಿಸಿಕೊಂಡು ಬರುವುದು ನಿಗಾ ಅಲ್ಲ. ಅದೇ ಜಾಗದಲ್ಲಿ, ವರ್ಷದ ಅದೇ ಕಾಲದಲ್ಲಿ, ಅದೇ ರೀತಿ, ವರ್ಷಗಟ್ಟಲೆ ಎಣಿಸಬೇಕು. ಹೋದ ವರ್ಷ ಇಬ್ಬರು ಒಂದು ಗಂಟೆ ಹುಡುಕಿ, ಈ ವರ್ಷ ಆರು ಜನ ಇಡೀ ದಿನ ಹುಡುಕಿದರೆ ಕಪ್ಪೆ ಜಾಸ್ತಿ ಸಿಕ್ಕೇ ಸಿಗುತ್ತದೆ. ಅದರಿಂದ ಕಪ್ಪೆ ಹೆಚ್ಚಾಯಿತು ಅಂತ ಹೇಳೋಕಾಗುತ್ತಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಎತ್ತರದ ಬೆಟ್ಟಗಳ ಸರೋವರಗಳಲ್ಲಿ ಸಿಯೆರಾ ನೆವಾಡಾ ಹಳದಿ ಕಾಲಿನ ಕಪ್ಪೆ ಇದೆ. ಹಿಂಗಾಲಿನ ಅಡಿಭಾಗ ಹಳದಿ. ಕೈಯಲ್ಲಿ ಹಿಡಿದರೆ ಬೆಳ್ಳುಳ್ಳಿ ವಾಸನೆ ಬಿಡುತ್ತದೆ! ನಮ್ಮ ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಕೂಗು ಕೇಳಿಯೇ ಯಾವ ಕಪ್ಪೆ ಅಂತ ಹೇಳುವವರಿದ್ದಾರೆ, ಅಲ್ವಾ? ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಈ ಕಪ್ಪೆಗೆ ಗಂಟಲ ಚೀಲವಿಲ್ಲ, ಕೂಗುವುದೂ ಹೆಚ್ಚಾಗಿ ನೀರೊಳಗೆ. ಹಾಗಾಗಿ ಹಗಲು ಹೊತ್ತಿನಲ್ಲಿ ಸರೋವರದ ದಡದ ಉದ್ದಕ್ಕೂ ನಡೆದು, ಕಣ್ಣಿಗೆ ಬಿದ್ದ ಕಪ್ಪೆ, ಗೊದಮೊಟ್ಟೆಗಳನ್ನು ಎಣಿಸುತ್ತಾ ಹೋಗಬೇಕು.

1910ರ ದಶಕದಲ್ಲಿ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ ಅನ್ನುವ ಪ್ರಾಣಿಶಾಸ್ತ್ರಜ್ಞರು ಅಲ್ಲಿ ಓಡಾಡಿ ಪ್ರಾಣಿಗಳ ಬಗ್ಗೆ ಬರೆದಿಟ್ಟರು. ಆಗ ಇದು ಎಲ್ಲೆಂದರಲ್ಲಿ ಸಿಗುವ ಕಪ್ಪೆ. ಶತಮಾನ ಮುಗಿಯುವ ಹೊತ್ತಿಗೆ, ಇಡೀ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಮೊದಲಿದ್ದ ಜಾಗಗಳ ಪೈಕಿ ಶೇ. 90ಕ್ಕಿಂತ ಹೆಚ್ಚು ಕಡೆ ಇದರ ಸುಳಿವೇ ಇರಲಿಲ್ಲ. ಯೊಸೆಮಿಟಿ 1890ರಿಂದಲೇ ನ್ಯಾಷನಲ್ ಪಾರ್ಕ್, ನೆನಪಿರಲಿ. ಬೋರ್ಡು, ಕಾನೂನು ಎಲ್ಲಾ ಇದ್ದರೂ ಕಪ್ಪೆ ಕಾಣೆಯಾಗುವುದಕ್ಕೆ ಒಂದು ಕಾರಣವನ್ನು ಜನರೇ ತಂದು ಸುರಿದಿದ್ದರು. ಗಾಳ ಹಾಕಲು ಬರುವವರಿಗಾಗಿ, ಮೊದಲು ಮೀನೇ ಇಲ್ಲದ ಸರೋವರಗಳಿಗೆ ಟ್ರೌಟ್ ಮೀನು ಬಿಟ್ಟಿದ್ದರು. ಅಲ್ಲಿನ ಚಳಿಗೆ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ವರ್ಷವೇ ಬೇಕು. ಹಾಗಾಗಿ ಅದು ವರ್ಷವಿಡೀ ಬತ್ತದ, ತಳದವರೆಗೆ ಹೆಪ್ಪುಗಟ್ಟದ ಆಳದ ನೀರಿನಲ್ಲೇ ಇರಬೇಕು. ಟ್ರೌಟಿಗೂ ಅಂಥದ್ದೇ ನೀರು ಬೇಕು, ಅಲ್ಲಿ ಅದು ಗೊದಮೊಟ್ಟೆಗಳನ್ನು ತಿಂದು ಹಾಕುತ್ತದೆ. ಇನ್ನು ಎರಡನೆಯ ಕಾರಣ ಕೈಟ್ರಿಡ್ ಅನ್ನುವ ಶಿಲೀಂಧ್ರ. ಇದು ಕಪ್ಪೆಯ ಚರ್ಮಕ್ಕೆ ಹತ್ತಿಕೊಂಡು, ಮೈಯ ಉಪ್ಪಿನಂಶ ಏರುಪೇರಾಗಿ, ಕೊನೆಗೆ ಹೃದಯ ನಿಲ್ಲುತ್ತದೆ.

ಪಾರ್ಕಿನೊಳಗೆ ಮೀನು ಬಿಡುವುದನ್ನು 1991ರಲ್ಲಿ ನಿಲ್ಲಿಸಿದರು. ಆಮೇಲೆ 1993ರಿಂದ 2012ರವರೆಗೆ, ವಿಜ್ಞಾನಿ ರೋಲಂಡ್ ನ್ಯಾಪ್ ಮತ್ತು ಜೊತೆಗಾರರು ಯೊಸೆಮಿಟಿಯ ಸರೋವರಗಳಲ್ಲಿ ನಡೆಸಿದ 7,000ಕ್ಕೂ ಹೆಚ್ಚು ಸರ್ವೆಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಕಪ್ಪೆಗಳು ವರ್ಷಕ್ಕೆ ಸುಮಾರು ಶೇ. 11ರಂತೆ ಏರಿ, ಒಟ್ಟು ಏಳು ಪಟ್ಟಿನಷ್ಟಾಗಿದ್ದವು. ಶಿಲೀಂಧ್ರ ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ. ಆದರೆ ಅದರ ಜೊತೆ ಬದುಕಿಕೊಂಡು ಬಂದ ಕಪ್ಪೆಗಳು ಮೊದಲಿನಷ್ಟು ಸುಲಭಕ್ಕೆ ಸಾಯುತ್ತಿಲ್ಲ ಅಂತ ಲ್ಯಾಬಿನಲ್ಲೂ ಕಂಡುಬಂತು. 2016ರಲ್ಲಿ ಇದು ಪ್ರಕಟವಾಯಿತು.

ಈಗ ಯೋಚಿಸಿ. ಸಂಶೋಧನೆಗೆ ಸಿಗುವ ದುಡ್ಡು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ. ಅಷ್ಟರಲ್ಲಿ ಅಲ್ಲಿ ಒಂದು ಗೊದಮೊಟ್ಟೆಗೆ ಕಾಲು ಮೂಡಿದರೆ ಹೆಚ್ಚು! ಮೂರು ವರ್ಷ ಎಣಿಸಿ ಕೈಬಿಟ್ಟಿದ್ದರೆ ‘ಈ ಕಪ್ಪೆಯ ಕಥೆ ಮುಗೀತು’ ಅಂತ ಬರೆದು ಫೈಲು ಮುಚ್ಚುತ್ತಿದ್ದರೇನೋ. ವರ್ಷಕ್ಕೆ ಶೇ. 11 ಅನ್ನುವುದು ಒಂದೆರಡು ವರ್ಷದ ಲೆಕ್ಕದಲ್ಲಿ ಕಣ್ಣಿಗೇ ಬೀಳುವುದಿಲ್ಲ, ಹಿಮ ಜಾಸ್ತಿ ಬಿದ್ದ ವರ್ಷ, ಬರದ ವರ್ಷ ಅಂತ ಏರಿಳಿತ ಅದಕ್ಕಿಂತ ದೊಡ್ಡದಾಗಿರುತ್ತದೆ.

ಇನ್ನೊಂದು ತೊಡಕೂ ಇದೆ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಕಲ್ಲಿನ ಸಂದಿಯಲ್ಲಿ ಕೂತ ಕಪ್ಪೆ ಯಾರ ಪಟ್ಟಿಗೂ ಸೇರುವುದಿಲ್ಲ. ಇದಕ್ಕೆ ಗುರುತು ಹಾಕಿ ಮತ್ತೆ ಹಿಡಿಯುವ ಲೆಕ್ಕ ಬಳಸುತ್ತಾರೆ. ಉದಾಹರಣೆಗೆ, 100 ಕಪ್ಪೆ ಹಿಡಿದು ಗುರುತು ಹಾಕಿ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಮುಂದಿನ ಸಲ 80 ಸಿಕ್ಕವು, ಅದರಲ್ಲಿ ಗುರುತಿನವು 20. ಅಂದರೆ ಕಾಲು ಭಾಗ. ಹಾಗಾದರೆ ನಿಮ್ಮ ಮೊದಲಿನ 100 ಕೂಡ ಒಟ್ಟು ಕಪ್ಪೆಗಳ ಕಾಲು ಭಾಗ, ಒಟ್ಟು ಸುಮಾರು 400. ನಡುವೆ ಸತ್ತವು, ಹುಟ್ಟಿದವು, ಬೇರೆಡೆಗೆ ಹೋದವು ಇರುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಜಟಿಲ, ಆದರೆ ಮೂಲ ಇದೇ. ಗುರುತು ಅಂದರೆ ಚರ್ಮದಡಿ ಸೇರಿಸುವ ಅಕ್ಕಿಕಾಳಿನಷ್ಟು ದೊಡ್ಡ ಚಿಪ್, ಒಂದೊಂದಕ್ಕೂ ಬೇರೆ ನಂಬರ್. ಬಿಡುವ ಮೊದಲು ಹೊಟ್ಟೆ, ತೊಡೆ, ಪಾದಕ್ಕೆ ಹತ್ತಿಯ ಕಡ್ಡಿ ಸವರಿ ಶಿಲೀಂಧ್ರ ಎಷ್ಟಿದೆ ಅಂತಲೂ ಪರೀಕ್ಷೆಗೆ ಕಳಿಸುತ್ತಾರೆ.

ಈ ಲೆಕ್ಕವೆಲ್ಲ ಕಡತಕ್ಕೆ ಮಾತ್ರ ಅಲ್ಲ. ಯಾವ ಸರೋವರದ ಕಪ್ಪೆಗಳು ಶಿಲೀಂಧ್ರವನ್ನು ತಾಳಿಕೊಂಡು ಹೆಚ್ಚಿವೆ ಅಂತ ಗೊತ್ತಿದ್ದರಿಂದಲೇ, 2006ರಿಂದ 2020ರ ನಡುವೆ ಅಲ್ಲಿಂದ ಕಪ್ಪೆಗಳನ್ನು ತಂದು ಖಾಲಿಯಾಗಿದ್ದ 12 ಸರೋವರಗಳಿಗೆ ಬಿಟ್ಟರು. ಹೆಚ್ಚಿನ ಕಡೆ ಅವು ಮರಿ ಮಾಡಿವೆ. ಚಿಪ್ ಇಲ್ಲದ ದೊಡ್ಡ ಕಪ್ಪೆ ಕೈಗೆ ಸಿಕ್ಕಿತೆಂದರೆ, ಅದು ಅಲ್ಲೇ ಹುಟ್ಟಿ ಬೆಳೆದದ್ದು ಅಂತ ಲೆಕ್ಕ.