ಬಾಡಿದ ಗಿಡಕ್ಕೆಲ್ಲ ನೀರೇ ಮದ್ದಲ್ಲ

ಫೆಬ್ರವರಿ ಶುರುವಾದ್ರೆ ಸಾಕು, ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಿಂದ ನನಗೆ ಬರುವ ಫೋನೆಲ್ಲ ಹೆಚ್ಚುಕಮ್ಮಿ ಒಂದೇ, "ಸಾರ್, ದಿನಾ ಎರಡು ಹೊತ್ತು ನೀರು ಹಾಕ್ತೇನೆ, ಆದ್ರೂ ಬದನೆ ಬಾಡ್ತಾ ಉಂಟು." ಕಳೆದ ವಾರ ಒಬ್ಬರು ಅಕ್ಕನ ಮನೆಗೆ ಹೋಗಿ ನೋಡಿದ್ರೆ ಗಿಡದ ಬುಡದಲ್ಲಿ ಕೆಸರು! ಮಧ್ಯಾಹ್ನ ಎಲೆ ಜೋತು ಬಿದ್ದದ್ದು ಕಂಡ ಕೂಡ್ಲೇ ಪೈಪು ಹಿಡಿಯುದು, ಮರುದಿನ ಪುನಃ ಅದೇ.

ಉರಿ ಬಿಸಿಲಿಗೆ ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರಿಗೆ ಆ ಹೊತ್ತಲ್ಲಿ ಎಳೆದು ಕೊಡ್ಲಿಕ್ಕೆ ಆಗುದಿಲ್ಲ, ಅಷ್ಟೇ ವಿಷಯ, ಸಂಜೆಗೆ ಗಿಡ ತಾನಾಗಿ ಎದ್ದು ನಿಲ್ತದೆ. ಬೆಳಿಗ್ಗೆಯೂ ಬಾಡಿಯೇ ಇದ್ರೆ ಎರಡು ಗೆಣ್ಣಿನಷ್ಟು ಬೆರಳು ಮಣ್ಣಿಗೆ ಹಾಕಿ ನೋಡಿ, ಒಣಗಿದ್ರೆ ನೀರು ಕೊಡಿ. ಮಣ್ಣಲ್ಲಿ ಪಸೆ ಇದ್ದೂ ಬಾಡಿದೆ, ಅದೂ ಬದನೆ, ಟೊಮೆಟೊ, ಮೆಣಸು ಅಂತಾದ್ರೆ ಮೊದಲು ನೀರು ನಿಲ್ಲಿಸಿ. ನಮ್ಮ ಹುಳಿ (ಆಮ್ಲೀಯ) ಮಣ್ಣಲ್ಲಿ ಸೊರಗು ರೋಗದ ಕಾಟ ಜಾಸ್ತಿ. ಕಾಂಡವನ್ನು ಬುಡದ ಹತ್ತಿರ ಕೊಯ್ದು, ಗ್ಲಾಸಿನ ತಿಳಿನೀರಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಅಲುಗಾಡಿಸದೆ ಹಿಡೀರಿ, ಸ್ವಲ್ಪ ಹೊತ್ತಲ್ಲಿ ಹಾಲಿನ ಬಣ್ಣದ ನೂಲು ಇಳೀತಾ ಬಂದ್ರೆ ಅದು ಈ ಸೊರಗು ರೋಗದ ಬ್ಯಾಕ್ಟೀರಿಯಾ. ಅಂಥ ಗಿಡ ಬೇರು ಸಮೇತ ಕಿತ್ತು ಸುಡ್ಬೇಕು, ಗೊಬ್ಬರದ ಗುಂಡಿಗೆ ಹಾಕ್ಲೇಬಾರ್ದು. ಆ ಅಕ್ಕ ಒಂದೇ ಕಣಿಯಲ್ಲಿ ಮೇಲಿಂದ ಕೆಳಗೆ ನೀರು ಹರಿಸ್ತಿದ್ರು, ರೋಗವೂ ಅದರೊಟ್ಟಿಗೇ ಇಳಿದು ಸಾಲಿಗೆ ಸಾಲೇ ಹೋಗಿತ್ತು. ಬೇಸಿಗೆಯಲ್ಲಿ, ಗುಡ್ಡಕ್ಕೆ ಅಡ್ಡ ಕೊರೆದು ತೆಗೆದ ಸುರಂಗದ ನೀರಿಗೆ ಎಷ್ಟು ಬೆಲೆ ಅಂತ ನಮಗೆ ಗೊತ್ತುಂಟಲ್ಲ, ಅದನ್ನು ಹೀಗೆ ಸುರಿದದ್ದು ನೋಡಿ ನನಗೆ ನಿಜವಾಗಿ ಸಂಕಟ ಆಯ್ತು.

ಎಷ್ಟು ಹಾಕ್ಬೇಕು ಅಂತ ಕೇಳಿದ್ರೆ, ಬೇಸಿಗೆಯಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ 4ರಿಂದ 6 ಲೀಟರ್ ಲೆಕ್ಕ ಹಿಡಿಯಿರಿ. ಮುರಕಲ್ಲಿನ ಮಣ್ಣು ನೀರು ಇಟ್ಟುಕೊಳ್ಳುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ತುಂಬ ಬಿಡುದಕ್ಕಿಂತ ದಿನಾ ಬೆಳಿಗ್ಗೆ ಬುಡಕ್ಕೆ ನಿಧಾನ ಕೊಡುದು ಒಳ್ಳೇದು, ಸಂಜೆ ಎಲೆ ಮೇಲೆ ಹೊಯ್ದ್ರೆ ರಾತ್ರಿ ಇಡೀ ಒದ್ದೆ ಇದ್ದು ಶಿಲೀಂಧ್ರ ಬರ್ತದೆ. ಬುಡಕ್ಕೆ ತರಗೆಲೆಯೋ ಒಣ ಸೋಗೆಯೋ ದಪ್ಪಕ್ಕೆ ಹಾಸಿ, ಕಾಂಡಕ್ಕೆ ತಾಗ್ಬಾರ್ದು. ಮುಳ್ಳುಸೌತೆಗೆ ಕಾಯಿ ಕಟ್ಟುವಾಗ ಮಾತ್ರ ನೀರು ತಪ್ಪಿಸ್ಬೇಡಿ, ಕಹಿ ಆಗ್ತದೆ.

ಅಕ್ಕನ ಹತ್ರ ಮಣ್ಣಿನ ಹುಳಿ ಇಳೀಲಿಕ್ಕೆ ಆ ಸಾಲಿಗೆ ಸುಣ್ಣ ಹಾಕಿ, ಈ ಸಲ ಬದನೆ ಬಿಟ್ಟು ಅಲಸಂಡೆ ಬಿತ್ತಿ ಅಂತ ಹೇಳಿ ಬಂದಿದ್ದೇನೆ.