ಒಣ ಅಂಗಳದ ನಾಡಹೂಗಳು: ಗಟ್ಟಿ ಬೀಜ ಮೊಳೆಯುವ ಬಗೆ

ಒಂದೇ ಮಳೆಗಾಲ ಬಾಳುವ ಗಿಡ ಬೇಸಿಗೆಯನ್ನು ಬೀಜವಾಗಿ ಕಳೆಯುತ್ತದೆ. ಇಷ್ಟು ತಲೆಯಲ್ಲಿದ್ದರೆ ಬಿಸಿಲು ಬೀಳುವ ಜಂಬಿಟ್ಟಿಗೆ ನೆಲಕ್ಕೆ ಯಾವ ಹೂ ಎಂಬುದು ಅರ್ಧ ಬಗೆಹರಿದಂತೆ. ಶಿವಮೊಗ್ಗದ ಬಯಲಿಗೆ ತುಂಬೆ, ಗಿಲಿಗಿಚ್ಚಿ ಒಗ್ಗುತ್ತವೆ. ಕರ್ಣಕುಂಡಲವೂ ನಮ್ಮದೇ, ಆದರೆ ಅದಕ್ಕೆ ತೇವ ಬೇಕು. ಬಚ್ಚಲ ನೀರು ಹರಿಯುವಲ್ಲಿ ಹಾಕಿ. ಚೆಂಡುಹೂ, ಕಾಸ್ಮಾಸ್ ಮೆಕ್ಸಿಕೋ ಕಡೆಯವು, ಇಲ್ಲಿ ಸೇರಿಸಿಲ್ಲ.

ತುಂಬೆ ಬೀಜ ಸಣ್ಣದು. ಮರಳಿಗೆ ಬೆರೆಸಿ ಎರಚಿ, ಅಂಗೈಯಲ್ಲಿ ಒತ್ತಿದರೆ ಸಾಕು. ಮೇಲೆ ಮಣ್ಣೂ ಬೇಡ, ತರಗೆಲೆಯೂ ಬೇಡ.

ತಲೆ ತಿನ್ನುವುದು ಗಿಲಿಗಿಚ್ಚಿ, ಅಂದರೆ ಕ್ರೊಟಲೇರಿಯಾ. ಅವರೆ, ಹುರುಳಿಯ ಕುಟುಂಬದ್ದೇ. ಆದರೆ ಹುರುಳಿಯಂತೆ ರಾತ್ರಿ ನೆನೆಹಾಕಿದರೆ ಕೆಲವು ಬೀಜ ಮಾತ್ರ ಉಬ್ಬುತ್ತವೆ, ಉಳಿದವು ಕಲ್ಲಿನಂತೆ ಹಾಗೇ ಇರುತ್ತವೆ. ಅವು ಜೊಳ್ಳಲ್ಲ. ಸಿಪ್ಪೆ ನೀರನ್ನೇ ಒಳಗೆ ಬಿಡುತ್ತಿಲ್ಲ, ಅಷ್ಟೇ. ಭರಣಿ ಮಳೆ ಒಮ್ಮೆ ಸುರಿದು ಆಮೇಲೆ ವಾರಗಟ್ಟಲೆ ಬಿಸಿಲು ಕಾದರೆ, ಆಗಲೇ ಮೊಳೆತ ಸಸಿಗಳೆಲ್ಲ ಒಣಗುತ್ತವೆ. ಬಾಯಿ ಬಿಡದ ಬೀಜಗಳೇ ಆಗ ವಂಶ ಉಳಿಸುವುದು. ನೆಲದಲ್ಲಿ ಹಗಲಿನ ಕಾವು, ಇರುಳಿನ ತಂಪು ಸೇರಿ ಸಿಪ್ಪೆಯನ್ನು ಮೆಲ್ಲಗೆ ಸಡಿಲಿಸುತ್ತವೆ. ನಾವು ಮಾಡುವುದೂ ಅದೇ ಕೆಲಸ, ಬೇಗ ಮಾಡುತ್ತೇವೆ.

ಉಬ್ಬದ ಬೀಜವನ್ನು ಒರೆಸಿ ಮರಳುಕಾಗದಕ್ಕೆ ಉಜ್ಜಿ. ಎಲ್ಲಿ ಉಜ್ಜಬೇಕು ಅನ್ನುವುದೇ ಮುಖ್ಯ. ಬೀಜ ಕಾಯಿಗೆ ಅಂಟಿದ್ದ ಕಲೆಯ ಹತ್ತಿರ ಬೇರಿನ ಮೊನೆ ಇರುತ್ತದೆ, ಅಲ್ಲಿ ಮುಟ್ಟಬೇಡಿ. ಅದರ ಎದುರಿನ ದುಂಡು ಬದಿಯನ್ನು, ಒಳಗಿನ ತಿಳಿಬಣ್ಣ ಚುಕ್ಕಿಯಷ್ಟು ಕಾಣುವವರೆಗೆ ಮಾತ್ರ ತೇಯಿರಿ. ಮತ್ತೆ ನೆನೆಹಾಕಿ. ಉಬ್ಬಿದರೆ ನೀರು ಒಳಹೊಕ್ಕಿದೆ ಎಂದು ಅರ್ಥ. ಉಬ್ಬಿದ್ದನ್ನು ಅಂದೇ ಬಿತ್ತಬೇಕು, ಒಣಗಲು ಬಿಟ್ಟರೆ ಸಾಯುತ್ತದೆ. ಮೃಗಶಿರ ಮಳೆ ಹಿಡಿದ ಮೇಲೆ ಬಿತ್ತುವುದು ಕ್ಷೇಮ. ನನ್ನ ಅಭಿಪ್ರಾಯದಲ್ಲಿ ಅರ್ಧ ಬೀಜವನ್ನಷ್ಟೇ ಉಜ್ಜಿ, ಉಳಿದರ್ಧವನ್ನು ಹಾಗೇ ಅದೇ ಪಾತಿಗೆ ಹಾಕಬೇಕು. ಮಳೆ ಕೈಕೊಟ್ಟರೂ ಮುಂದಿನ ವರ್ಷಕ್ಕೆ ನೆಲದಲ್ಲಿ ದಾಸ್ತಾನು ಇರುತ್ತದೆ.

ಗೊಬ್ಬರ ಹಾಕಬೇಡಿ, ಸೊಪ್ಪೇ ಹೆಚ್ಚಿ ಹೂ ಹಿಂದೆ ಬೀಳುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತುಬಿಡಿ. ಗಿಲಿಗಿಚ್ಚಿಯ ಹಲವು ಜಾತಿಗಳಲ್ಲಿ ದನಕರುಗಳ ಪಿತ್ತಜನಕಾಂಗ ಕೆಡಿಸುವ ವಿಷವಿದೆ. ಕೊಟ್ಟಿಗೆ ಇರುವ ಮನೆಯಲ್ಲಿ ಅದನ್ನು ಬೇಲಿಯೊಳಗೇ ಬೆಳೆಸಿ, ಕಿತ್ತ ಗಿಡ ಹುಲ್ಲಿನ ಹೊರೆಗೆ ಸೇರದಂತೆ ನೋಡಿಕೊಳ್ಳಿ.