ಪಿಯಾನೊ ತೊರೆದ ಬ್ಲೂಸ್: ಟಾಮ್ ವೇಟ್ಸ್ ಅವರ ‘ರಿಯಲ್ ಗಾನ್’ ಕುರಿತು ಒಂದು ಅಧ್ಯಯನ ಟಿಪ್ಪಣಿ

‘ರಿಯಲ್ ಗಾನ್’ ಆಲ್ಬಂ 2004ರ ಅಕ್ಟೋಬರ್‌ನಲ್ಲಿ ಆಂಟಿ ಎಂಬ ಧ್ವನಿಮುದ್ರಣ ಸಂಸ್ಥೆಯಿಂದ ಹೊರಬಂದಾಗ ಟಾಮ್ ವೇಟ್ಸ್ ಅವರಿಗೆ 54 ವರ್ಷವಾಗಿತ್ತು. ಅವರ ಮೊದಲ ಆಲ್ಬಂ ‘ಕ್ಲೋಸಿಂಗ್ ಟೈಮ್’ ಬಂದು 31 ವರ್ಷ ಕಳೆದಿತ್ತು. ತಾವೇ ಬರೆದು ತಾವೇ ಹಾಡುವ ಅಮೆರಿಕದ ಗಾಯಕರ ಸಾಲಿನಲ್ಲಿ ಅವರನ್ನು ಜನ ಮೊದಲು ಗುರುತಿಸಿದ್ದು ಪಿಯಾನೊದ ಮುಂದೆ ಕುಳಿತು, ಕರಕಲು ದನಿಯಲ್ಲಿ, ನಡುರಾತ್ರಿಯ ಬಾರುಗಳ ಒಂಟಿ ಜನರ ಕಥೆ ಹೇಳುವವರೆಂದು. ಈ ಆಲ್ಬಂನಲ್ಲಿ ಆ ಪಿಯಾನೊವೇ ಇಲ್ಲ. ಅದು ಬಿಟ್ಟುಹೋದ ಜಾಗವನ್ನು ತುಂಬಿರುವುದು ಹೆಚ್ಚಾಗಿ ವೇಟ್ಸ್ ಅವರ ಬಾಯಿ, ಗಂಟಲು ಮತ್ತು ಉಸಿರು.

ಪ್ರಯೋಗಶೀಲ ಎಂಬ ವಿಶೇಷಣ ಈ ಆಲ್ಬಂಗೆ ಅಂಟಿಕೊಂಡೇ ಬಂದಿದೆ, ಮತ್ತು ಕಲಿಯುವವರು ಅದನ್ನು ಹೊಸದರ ಹುಡುಕಾಟವೆಂದು ಅರ್ಥಮಾಡಿಕೊಳ್ಳುವುದು ಸಹಜ. ನನ್ನ ಓದು ಬೇರೆ. ಇಲ್ಲಿನ ಪ್ರಯೋಗವು ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್‌ಗೆ ಏನನ್ನೋ ಸೇರಿಸುವುದಕ್ಕಿಂತ ಅದರ ಮೇಲೆ ಕಾಲಕ್ರಮದಲ್ಲಿ ಕೂತ ಪದರಗಳನ್ನು ಒಂದೊಂದಾಗಿ ಕಳಚಿಹಾಕುವುದರಲ್ಲಿದೆ. ಇದನ್ನು ಕಾಣಬೇಕಾದರೆ ಮೊದಲು ಆ ಪದರಗಳು ಯಾವುವೆಂದು ತಿಳಿದಿರಬೇಕು.

ಪಠ್ಯಪುಸ್ತಕದ ಬ್ಲೂಸ್ ಎಂದರೆ 12 ಬಾರ್‌ಗಳ ಚೌಕಟ್ಟು. ನಾಲ್ಕು ಎಣಿಕೆಗೆ ಒಂದು ಬಾರ್ ಎಂದು ಹಿಡಿದರೆ, ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ ಕಟ್ಟಿದ ಸ್ವರಮೇಳದಲ್ಲಿ, ಮುಂದಿನ ಎರಡು ಮಧ್ಯಮದ ಮೇಲೆ, ಮತ್ತೆ ಎರಡು ಷಡ್ಜಕ್ಕೆ ಮರಳಿ, ಅನಂತರ ಪಂಚಮದಲ್ಲಿ ಒಂದು, ಮಧ್ಯಮದಲ್ಲಿ ಒಂದು, ಕೊನೆಯ ಎರಡು ಮತ್ತೆ ಷಡ್ಜದಲ್ಲಿ ನಿಲ್ಲುತ್ತವೆ. ಸಾಹಿತ್ಯವೂ ಇದಕ್ಕೆ ಹೊಂದಿಕೊಂಡಿರುತ್ತದೆ: ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಲಾಗುತ್ತದೆ. ಬ್ಲೂ ನೋಟ್ ಎನ್ನುವುದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲಿಯೂ ಸ್ಥಿರವಾಗಿ ಕೂರದೆ ಜಾರುವ ಸ್ವರ. ನಿಷಾದದಲ್ಲಿಯೂ ಇದೇ ಜಾರುವಿಕೆ ಇರುತ್ತದೆ.

ಈ ಚೌಕಟ್ಟು ಗಟ್ಟಿಯಾದದ್ದು ಮುದ್ರಿತ ಸ್ವರಲಿಪಿ ಮತ್ತು ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ. ಡಬ್ಲ್ಯು.ಸಿ. ಹ್ಯಾಂಡಿ ಅವರ ‘ಸೇಂಟ್ ಲೂಯಿಸ್ ಬ್ಲೂಸ್’ ಪ್ರಕಟವಾದದ್ದು 1914ರಲ್ಲಿ. ಮ್ಯಾಮಿ ಸ್ಮಿತ್ ಅವರ ‘ಕ್ರೇಜಿ ಬ್ಲೂಸ್’ ಧ್ವನಿಮುದ್ರಣಗೊಂಡದ್ದು 1920ರಲ್ಲಿ. ಅದಕ್ಕೂ ಕೆಳಗಿನ ಪದರದಲ್ಲಿರುವುದು ಹೊಲದ ಕೂಗುಗಳು ಮತ್ತು ದುಡಿಮೆಯ ಹಾಡುಗಳು. ಜಾನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1947–48ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಸೆರೆಮನೆಯಲ್ಲಿ ಮುದ್ರಿಸಿಕೊಂಡ ಹಾಡುಗಳನ್ನು ಕೇಳಿದರೆ ಇದು ಥಟ್ಟನೆ ಅರಿವಾಗುತ್ತದೆ. ಅಲ್ಲಿ ಸ್ವರಮೇಳವಿಲ್ಲ, ವಾದ್ಯವಿಲ್ಲ. ಒಬ್ಬ ಸಾಲು ಎತ್ತುತ್ತಾನೆ, ಗುಂಪು ಉತ್ತರಿಸುತ್ತದೆ, ಎಲ್ಲರ ಕೊಡಲಿಗಳೂ ಒಮ್ಮೆಗೇ ಮರಕ್ಕೆ ಬೀಳುವ ಸದ್ದೇ ತಾಳ. ಮುಂದೆ ಬ್ಲೂಸ್ ಗಾಯಕರಾದ ಜಾನ್ ಲೀ ಹೂಕರ್ 1948ರಲ್ಲಿ ಒಂದೇ ಸ್ವರಮೇಳದ ಮೇಲೆ ಗಿಟಾರ್ ನುಡಿಸುತ್ತ ಕಾಲನ್ನು ನೆಲಕ್ಕೆ ಕುಟ್ಟಿ ಹಾಡಿದ್ದು, ಸನ್ ಹೌಸ್ 1965ರ ಆಲ್ಬಂನಲ್ಲಿ ಗಿಟಾರನ್ನೂ ಬದಿಗಿಟ್ಟು ಬರೀ ಚಪ್ಪಾಳೆಯೊಂದಿಗೆ ಹಾಡಿದ್ದು ಇದೇ ಹಳೆಯ ಪದರದ ಕುರುಹುಗಳು.

ಈಗ ಆಲ್ಬಂನ ಆರಂಭದ ಹಾಡು ‘ಟಾಪ್ ಆಫ್ ದ ಹಿಲ್’ ಕೇಳಿ. ಮೊದಲಿಗೆ ಕಿವಿಗೆ ಬೀಳುವ ತಾಳ ಡ್ರಮ್ಮಿನದಲ್ಲ. ವೇಟ್ಸ್ ಅವರು ರಾತ್ರಿಯ ಹೊತ್ತು ಮನೆಯ ಬಚ್ಚಲುಮನೆಯಲ್ಲಿ ಒಂದು ಸಣ್ಣ ರೆಕಾರ್ಡರ್ ಇಟ್ಟುಕೊಂಡು ಬಾಯಿಯಿಂದ ಹೊರಡಿಸಿದ ಸದ್ದುಗಳನ್ನು ಮುದ್ರಿಸಿದರು. ಅವೇ ಹಲವು ಹಾಡುಗಳಿಗೆ ಬುನಾದಿಯಾದವು, ವಾದ್ಯಗಾರರು ಅದರ ಮೇಲೆ ನುಡಿಸಿದರು. ಬಾಯಿತಾಳ ಎಂದೊಡನೆ ನಮಗೆ ಕರ್ನಾಟಕ ಸಂಗೀತದ ಕೊನ್ನಕ್ಕೋಲ್ ನೆನಪಾಗುವುದರಿಂದ ಒಂದು ಎಚ್ಚರಿಕೆ ಅಗತ್ಯ. ಕೊನ್ನಕ್ಕೋಲ್‌ನಲ್ಲಿ ಪ್ರತಿ ಸೊಲ್ಲಿಗೂ ಸ್ಪಷ್ಟ ಉಚ್ಚಾರವಿದೆ, ಅದರ ಹಿಂದೆ ಲೆಕ್ಕವಿದೆ. ಇಲ್ಲಿ ಉಚ್ಚಾರವನ್ನು ಬೇಕೆಂದೇ ಕೆಡಿಸಲಾಗಿದೆ: ಏದುಸಿರು, ಉಗುಳಿನ ಸಿಡಿತ, ಭಾರ ಎತ್ತುವವನ ಹೂಂಕಾರ, ಮೈಕಿಗೆ ತೀರಾ ಹತ್ತಿರದಲ್ಲಿ ಹೊಮ್ಮಿ ಒಡೆದುಹೋದ ಸದ್ದು. ಹಿಪ್‌ಹಾಪ್‌ನ ಬೀಟ್‌ಬಾಕ್ಸಿಂಗ್‌ಗೆ ಇದು ಹತ್ತಿರವಾದರೂ, ಬೀಟ್‌ಬಾಕ್ಸ್ ಕಲಾವಿದ ಡ್ರಮ್ ಯಂತ್ರವನ್ನು ಅನುಕರಿಸಲು ಹೊರಟರೆ ವೇಟ್ಸ್ ಅವರ ಬಾಯಿ ಕೊಡಲಿಯನ್ನು ಅನುಕರಿಸುತ್ತಿದೆ ಎಂದು ನನಗೆ ಅನಿಸುತ್ತದೆ. ಹಿಪ್‌ಹಾಪ್‌ನ ನಂಟು ಸುಳ್ಳೇನಲ್ಲ. ಅವರ ಮಗ ಕೇಸಿ ವೇಟ್ಸ್ ಕೆಲವು ಹಾಡುಗಳಲ್ಲಿ ಟರ್ನ್‌ಟೇಬಲ್ ನುಡಿಸಿದ್ದಾರೆ.

ವಾದ್ಯಗಾರರ ಆಯ್ಕೆಯೂ ಇದೇ ದಿಕ್ಕಿನದು. ಬಾಸ್ ನುಡಿಸಿದ ಲ್ಯಾರಿ ಟೇಲರ್ ಅವರು ಕ್ಯಾನ್ಡ್ ಹೀಟ್ ಎಂಬ ಬ್ಲೂಸ್ ತಂಡದೊಂದಿಗೆ 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಿದ್ದವರು. ಗಿಟಾರಿನ ಮಾರ್ಕ್ ರೀಬೊ 1980ರ ದಶಕದಿಂದಲೂ ವೇಟ್ಸ್ ಅವರ ಜೊತೆಗಿದ್ದವರು, ನಡುವೆ ಕ್ಯೂಬಾ ಸಂಗೀತದ ಒಂದು ತಂಡವನ್ನೂ ಕಟ್ಟಿದವರು. ಹಾಡುಗಳ ರಚನೆ ಮತ್ತು ನಿರ್ಮಾಣದಲ್ಲಿ ವೇಟ್ಸ್ ಅವರಿಗೆ ಸಮಪಾಲುದಾರರಾದ ಪತ್ನಿ ಕ್ಯಾಥ್ಲೀನ್ ಬ್ರೆನನ್ ಅವರ ಹೆಸರನ್ನು ಅಡಿಟಿಪ್ಪಣಿಗೆ ತಳ್ಳುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 1980ರ ದಶಕದಲ್ಲಿ ವೇಟ್ಸ್ ಅವರ ಸಂಗೀತ ಬಾರಿನ ಪಿಯಾನೊ ಬಿಟ್ಟು ತಗಡು, ಮರ, ಕಬ್ಬಿಣಗಳ ಸದ್ದಿನ ಕಡೆಗೆ ಹೊರಳಿದ್ದರಲ್ಲಿಯೂ ಬ್ರೆನನ್ ಅವರ ಪಾತ್ರ ದೊಡ್ಡದು. ಧ್ವನಿಮುದ್ರಣ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಮುಖಜಭೂಮಿಯಲ್ಲಿರುವ (ಡೆಲ್ಟಾದಲ್ಲಿರುವ) ಲಾಕ್ ಎಂಬ ಪುಟ್ಟ ಊರಿನ ಹಳೆಯ ಶಾಲಾ ಕಟ್ಟಡದಲ್ಲಿ. ಇದು ಬ್ಲೂಸ್ ಹುಟ್ಟಿದ ಮಿಸಿಸಿಪ್ಪಿಯ ಡೆಲ್ಟಾ ಅಲ್ಲ. ಹೆಸರಿನ ಈ ಸಾಮ್ಯದಿಂದ ತೀರ್ಮಾನಗಳನ್ನು ಎಳೆಯದಿರುವುದು ಒಳ್ಳೆಯದು.

‘ಹಾಯ್ಸ್ಟ್ ದಟ್ ರ‍್ಯಾಗ್’ನಲ್ಲಿ ರೀಬೊ ಅವರ ಕ್ಯೂಬನ್ ಗಿಟಾರ್ ಮತ್ತು ಹಡಗಿನ ಹಗ್ಗ ಎಳೆಯುವವರ ಕೂಗಿನಂಥ ಪಲ್ಲವಿ ಎದುರುಬದುರಾಗುತ್ತವೆ. ಕ್ಯೂಬಾ ಇಲ್ಲಿಗೆ ಹೇಗೆ ಬಂತೆಂದು ಅಚ್ಚರಿಪಡುವವರು ಹ್ಯಾಂಡಿ ಅವರ 1914ರ ಹಾಡಿನ ಒಂದು ಭಾಗವೇ ಹಬನೇರಾ ಎಂಬ ಕ್ಯೂಬಾದ ಲಯದಲ್ಲಿದೆ ಎಂಬುದನ್ನು ನೆನೆಯಬೇಕು. ಇರಾಕ್ ಯುದ್ಧ ಆರಂಭವಾದ ಮರುವರ್ಷವೇ ಬಂದ ಹಾಡಾದ್ದರಿಂದ, ಹಾಡಿನ ಹೆಸರೇ ಮೇಲೇರಿಸು ಎನ್ನುವ ಆ ‘ಚಿಂದಿ’ ಧ್ವಜವೆಂದು ಓದಿಕೊಳ್ಳುವುದಕ್ಕೆ ಆಧಾರವಿದೆ.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ‘ಡೋಂಟ್ ಗೋ ಇಂಟು ದಟ್ ಬಾರ್ನ್’. ಮೇಲುನೋಟಕ್ಕೆ ಇದು ಆ ಕೊಟ್ಟಿಗೆಗೆ ಕಾಲಿಡಬೇಡ ಎಂದು ಎಚ್ಚರಿಸುವ ದೆವ್ವದ ಕಥೆ. ಆದರೆ ನಡುವೆ ಒಂದು ವಿವರ ಸದ್ದಿಲ್ಲದೆ ಹಾದುಹೋಗುತ್ತದೆ: ಹೊಳೆಯ ನೀರು ಇಳಿದಾಗ ಅಲ್ಲಿ ಹಳೆಯ ಮೂಳೆಗಳು ಸಿಗುತ್ತವೆ, ನೆಲ ಉತ್ತಾಗಲೆಲ್ಲ ಸರಪಳಿಗಳು ಮೇಲೆ ಬರುತ್ತವೆ. ಗುಲಾಮಗಿರಿಯ ಇತಿಹಾಸವನ್ನು ಆ ಸರಪಳಿಯೊಂದೇ ಹೇಳಿಬಿಡುತ್ತದೆ. ಹಾಡಿನ ಕೊನೆಯ ಭಾಗ ಪ್ರಶ್ನೋತ್ತರಕ್ಕೆ ತಿರುಗುತ್ತದೆ. ಬೆಂಕಿ ಮುಚ್ಚಿದೆಯಾ, ಹೆಜ್ಜೆಗುರುತು ಅಳಿಸಿದೆಯಾ ಎಂದು ಒಂದು ದನಿ ಪಟ್ಟಿ ಹಿಡಿದವರಂತೆ ಕೇಳುತ್ತ ಹೋಗುತ್ತದೆ. ಪ್ರತಿ ಸಲವೂ ತಲೆಬಾಗಿದ ಅದೇ ಉತ್ತರ ಬರುತ್ತದೆ. ದುಡಿಮೆಯ ಹಾಡಿನಲ್ಲಿ ಒಬ್ಬ ಎತ್ತಿ ಉಳಿದವರು ಉತ್ತರಿಸುವಾಗ ಅದು ಜೊತೆಗಾರರ ನಡುವಿನ ಕೊಡುಕೊಳ್ಳುವಿಕೆ. ಅದೇ ಆಕಾರವನ್ನು ಇಲ್ಲಿ ಆಜ್ಞೆ ಮತ್ತು ವಿಧೇಯತೆಯಾಗಿ ತಿರುಚಲಾಗಿದೆ. ರೂಪವನ್ನು ಎರವಲು ಪಡೆಯುವುದಕ್ಕೂ ರೂಪದ ಒಳಗಿಂದಲೇ ಮಾತಾಡುವುದಕ್ಕೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ತೋರಿಸಬೇಕಾಗಿ ಬಂದರೆ ನಾನು ಈ ಒಂದು ನಿಮಿಷವನ್ನೇ ಆರಿಸುತ್ತೇನೆ.

ಎಲ್ಲ ಹಾಡುಗಳೂ ಈ ಮಟ್ಟದವಲ್ಲ. ‘ಸಿನ್ಸ್ ಆಫ್ ಮೈ ಫಾದರ್’ ಹತ್ತು ನಿಮಿಷ ಮೀರುತ್ತದೆ, ಮತ್ತು ಅದರ ನಿಧಾನಗತಿ ಆರನೆಯ ನಿಮಿಷದ ಹೊತ್ತಿಗೆ ನನ್ನ ತಾಳ್ಮೆಯನ್ನು ಪರೀಕ್ಷಿಸಿತು. ‘ಸರ್ಕಸ್’ ಹಾಡಲ್ಲ, ಮಾತಿನಲ್ಲಿ ಹೇಳಿದ ಚಿತ್ರಣ. ಚೆಂದವಾಗಿದ್ದರೂ ಅದು ವೇಟ್ಸ್ ಅವರ ಬೇರೊಂದು ಆಲ್ಬಂನಿಂದ ದಾರಿ ತಪ್ಪಿ ಬಂದಂತಿದೆ. ಇನ್ನೊಂದೆಡೆ, ಒಂದು ನಿಮಿಷವೂ ಇಲ್ಲದ ‘ಕ್ಲ್ಯಾಂಗ್ ಬೂಮ್ ಸ್ಟೀಮ್’ ಬಾಯಿ ಒಂದರಿಂದಲೇ ಉಗಿಬಂಡಿಯನ್ನು ಓಡಿಸಿಬಿಡುತ್ತದೆ.

‘ಟ್ರ್ಯಾಂಪಲ್ಡ್ ರೋಸ್’ ಹಾಡನ್ನು ಕೇಳುವವರು 2007ರ ‘ರೇಸಿಂಗ್ ಸ್ಯಾಂಡ್’ ಆಲ್ಬಂನಲ್ಲಿ ಗಾಯಕಿ ಆಲಿಸನ್ ಕ್ರಾಸ್ ಅದನ್ನು ಹಾಡಿರುವುದನ್ನೂ ಪಕ್ಕದಲ್ಲಿಟ್ಟು ಕೇಳಬೇಕು. ಅವರ ತಿಳಿಯಾದ ಕಂಠದಲ್ಲಿ ರಾಗದ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ತಿಳಿದುಕೊಂಡು ಮೂಲಕ್ಕೆ ಮರಳಿದರೆ, ವೇಟ್ಸ್ ಅವರ ಗೋಳಾಟದಲ್ಲಿ ಸ್ವರಸ್ಥಾನಗಳು ಎಷ್ಟು ಎಚ್ಚರದಿಂದ ಜಾರುತ್ತವೆ ಎಂಬುದು ತಿಳಿಯುತ್ತದೆ. ಒರಟು ದನಿಯೆಂದರೆ ಅಂಕೆಯಿಲ್ಲದ ದನಿ ಎಂಬ ತಪ್ಪುಕಲ್ಪನೆ ಅಲ್ಲಿಗೆ ಕಳಚಿಬೀಳುತ್ತದೆ. ಒಂದು ತಾಂತ್ರಿಕ ಸೂಚನೆಯೂ ಇದೆ: ಆಲ್ಬಂ 2017ರಲ್ಲಿ ಹೊಸ ಮಿಶ್ರಣದೊಂದಿಗೆ ಮತ್ತೆ ಬಿಡುಗಡೆಯಾಗಿದೆ, ಆದ್ದರಿಂದ ಟಿಪ್ಪಣಿ ಬರೆದುಕೊಳ್ಳುವಾಗ ಯಾವ ಆವೃತ್ತಿಯನ್ನು ಕೇಳಿದಿರೆಂದು ನಮೂದಿಸಿಕೊಳ್ಳಿ.

ಪಟ್ಟಿಯ ಕೊನೆಯಲ್ಲಿರುವುದು ‘ಡೇ ಆಫ್ಟರ್ ಟುಮಾರೊ’, ಇಪ್ಪತ್ತೊಂದನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿರುವ ಸೈನಿಕನೊಬ್ಬ ಇಲಿನಾಯ್ ರಾಜ್ಯದ ತನ್ನ ಊರಿಗೆ ಬರೆಯುವ ಕಾಗದ. ಗದ್ದಲವೆಲ್ಲ ಇಲ್ಲಿ ಅಡಗಿದೆ, ಗಿಟಾರ್ ಮೆಲ್ಲಗೆ ನುಡಿಯುತ್ತದೆ. ಗಾಯಕಿ ಜೋನ್ ಬಯೇಜ್ 2008ರಲ್ಲಿ ಇದನ್ನು ಹಾಡಿದ್ದಷ್ಟೇ ಅಲ್ಲ, ತಮ್ಮ ಆಲ್ಬಂಗೆ ಇದೇ ಹೆಸರನ್ನಿಟ್ಟರು. ಆಲ್ಬಂ ಇಲ್ಲಿಗೇ ಮುಗಿದಿದ್ದರೆ ಅದೊಂದು ಸಮಾಧಾನದ ಮುಕ್ತಾಯವಾಗುತ್ತಿತ್ತೇನೋ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದು ತುಣುಕು ಉಳಿದಿದೆ: ಕಾಗದ ಬರೆದ ಹುಡುಗನ ದನಿ ನಿಂತ ಮೇಲೆ ಅದೇ ಬಾಯಿತಾಳ, ಏದುಸಿರಿನೊಂದಿಗೆ, ಮತ್ತೆ ಶುರುವಾಗುತ್ತದೆ.